ಆನ್‌ಲೈನ್‌ನಲ್ಲಿ ಬರೆಯುವವರಿಗೆ: ಎಲ್ಲಿ ಧೈರ್ಯ ಬೇಕು, ಎಲ್ಲಿ ದಾಖಲೆ ಬೇಕು

‘ಇದನ್ನ ಬರೆದ್ರೆ ಕೇಸ್ ಆಗುತ್ತಾ?’ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಊರಿನ ರಸ್ತೆ ಬಗ್ಗೆ ಬರೆಯುವವರು ಕೇಳುತ್ತಾರೆ. ಸಿನಿಮಾ ವಿಮರ್ಶೆ ಬರೆಯುವವರು ಕೇಳುತ್ತಾರೆ. ಕಥೆಗಾರರೂ ಕೇಳುತ್ತಾರೆ. ಒಂದೇ ಉತ್ತರವನ್ನು ಮತ್ತೆ ಮತ್ತೆ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಪ್ರಶ್ನೆಯಲ್ಲೇ ಒಂದು ತೊಡಕಿದೆ. ಕೇಸ್ ಬೀಳುವುದು ಬೇರೆ, ಅದು ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಬೇರೆ. ಕೊಲ್ಹಾಪುರದ ಒಬ್ಬ ಕಾಲೇಜು ಅಧ್ಯಾಪಕರು 370ನೇ ವಿಧಿ ರದ್ದತಿಯನ್ನು ಟೀಕಿಸಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದರು. 2022ರಲ್ಲಿ ಎಫ್‌ಐಆರ್ ಆಯಿತು. ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಲು ಒಪ್ಪಲಿಲ್ಲ. ಕೊನೆಗೆ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸರ್ಕಾರದ ನಿರ್ಧಾರವನ್ನು ಟೀಕಿಸುವ ಹಕ್ಕು ಪ್ರತಿ ನಾಗರಿಕನಿಗೂ ಇದೆ ಎಂದಿತು. ಗೆದ್ದರು, ಸರಿ. ಆದರೆ ಒಂದು ಸ್ಟೇಟಸ್‌ಗೆ ಸುಮಾರು ಒಂದೂವರೆ ವರ್ಷ ಕೋರ್ಟು ಅಲೆದರು. ಈ ಲೇಖನದ ಉದ್ದಕ್ಕೂ ಈ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ನಾನಿಲ್ಲಿ ಹೇಳುವುದು ಭಾರತದ ಕಾನೂನು. ನಿಮ್ಮ ಹೆಸರಿಗೆ ಈಗಾಗಲೇ ಕಾಗದ ಬಂದಿದ್ದರೆ ಮೊದಲು ವಕೀಲರ ಹತ್ತಿರ ಹೋಗಿ. ಇದನ್ನು ಆಮೇಲೆ ಓದಬಹುದು.

ಹಂತ 1: ಗೆರೆ ಎಲ್ಲಿದೆ ಅಂತ ತಿಳಿದುಕೊಳ್ಳಿ

ಸಂವಿಧಾನದ 19(1)(ಎ) ವಿಧಿ ನಾಗರಿಕರಿಗೆ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. 19(2) ಅದಕ್ಕೆ ಮಿತಿ ಹಾಕುತ್ತದೆ. ಆ ಮಿತಿಗೆ ಎಂಟೇ ಕಾರಣ ಇರಬಹುದು: ದೇಶದ ಸಾರ್ವಭೌಮತೆ ಮತ್ತು ಏಕತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹಸಂಬಂಧ, ಸಾರ್ವಜನಿಕ ಶಾಂತಿ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಪಟ್ಟಿ ಇಲ್ಲಿಗೆ ಮುಗಿಯಿತು. ‘ನನಗೆ ಬೇಜಾರಾಯಿತು’ ಅನ್ನುವುದು ಇದರಲ್ಲಿಲ್ಲ. ‘ನಮ್ಮ ನಾಯಕರ ಬಗ್ಗೆ ಹೀಗೆ ಬರೆಯಬಾರದು’ ಅನ್ನುವುದೂ ಇಲ್ಲ.

ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದು 2015ರ ಮಾರ್ಚ್ 24ರ ಶ್ರೇಯಾ ಸಿಂಘಲ್ ತೀರ್ಪು. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಅಂತ ಒಂದು ಸೆಕ್ಷನ್ ಇತ್ತು. ‘ಕಿರಿಕಿರಿ’ ಉಂಟುಮಾಡುವ ಮೆಸೇಜಿಗೂ ಜೈಲು ಅನ್ನುತ್ತಿತ್ತು. ಸುಪ್ರೀಂ ಕೋರ್ಟ್ ಅದನ್ನು ಪೂರ್ತಿ ಹೊಡೆದುಹಾಕಿತು. ಒಂದು ವಿಷಯವನ್ನು ಚರ್ಚಿಸುವುದು, ಅದರ ಪರ ವಾದಿಸುವುದು, ಜನರನ್ನು ಅದಕ್ಕೆ ಎತ್ತಿಕಟ್ಟುವುದು, ಈ ಮೂರೂ ಬೇರೆ ಬೇರೆ ಎಂದಿತು. ಮಾತು ಮೂರನೆಯ ಮಟ್ಟಕ್ಕೆ ಹೋದಾಗ ಮಾತ್ರ ಕಾನೂನು ಕೈ ಹಾಕಬಹುದು. ಯಾರಾದರೂ ಇವತ್ತಿಗೂ ‘66ಎ ಹಾಕಿಸ್ತೀನಿ’ ಅಂದರೆ, ಆ ಸೆಕ್ಷನ್ ಸತ್ತು ಹೋಗಿದೆ ಅಂತ ಧೈರ್ಯವಾಗಿ ಹೇಳಿ. ತೀರ್ಪು ಬಂದ ಮೇಲೂ ಪೊಲೀಸರು ಅದನ್ನು ಬಳಸುತ್ತಲೇ ಇದ್ದರು. ನಿಲ್ಲಿಸಿ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು.

ಇಲ್ಲಿ ಎಡವುವವರು ಜಾಸ್ತಿ: 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುತ್ತಿದ್ದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ ಬಂದಿದೆ. ಪೊಲೀಸರು, ಕೋರ್ಟು ಕೇಸ್ ನಡೆಸುವ ಕ್ರಮ ಹೇಳುತ್ತಿದ್ದ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ನಂಬರುಗಳೆಲ್ಲ ಅದಲುಬದಲು. ಮಾನಹಾನಿ ಮೊದಲು 499 ಮತ್ತು 500, ಈಗ 356. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು 153ಎ ಇತ್ತು, ಈಗ 196. ಧಾರ್ಮಿಕ ಭಾವನೆಗೆ ಬೇಕಂತಲೇ ಘಾಸಿ ಮಾಡುವುದು 295ಎ ಇತ್ತು, ಈಗ 299. ತಮಾಷೆ ಕೇಳಿ: ಹಳೆಯ 482 ಅಂದರೆ ಹೈಕೋರ್ಟಿನಲ್ಲಿ ಕೇಸ್ ರದ್ದು ಕೋರುವ ದಾರಿ. ಈಗಿನ 482 ಅಂದರೆ ನಿರೀಕ್ಷಣಾ ಜಾಮೀನು, ಅದೇ ಬಂಧನಕ್ಕೆ ಮೊದಲೇ ಕೇಳುವ ಜಾಮೀನು. ರದ್ದತಿಗೆ ಈಗ 528. ಹಳೆಯ ಯೂಟ್ಯೂಬ್ ವಿಡಿಯೊ ನೋಡಿ ವಕೀಲರಿಗೇ ಪಾಠ ಹೇಳಲು ಹೋಗಬೇಡಿ.

ಹಂತ 2: ಮಾಹಿತಿ ಯಾವುದು, ಅಭಿಪ್ರಾಯ ಯಾವುದು, ಬಿಡಿಸಿ ಇಡಿ

ಈ ಲೇಖನದಲ್ಲಿ ಒಂದೇ ಹಂತ ಓದುತ್ತೀರಿ ಅಂದರೆ ಇದನ್ನು ಓದಿ. ಜನ ತಮ್ಮ ಅಭಿಪ್ರಾಯಕ್ಕೆ ಹೆದರುತ್ತಾರೆ. ನಾನು ನೋಡಿದ ಹಾಗೆ ಸಿಕ್ಕಿಬೀಳುವುದು ಮಾತ್ರ ಮಾಹಿತಿಯಲ್ಲಿ. ಹೆಸರು ಹಿಡಿದು ಬರೆದ, ಆಧಾರವಿಲ್ಲದ ಒಂದು ಸಾಲು ಸಾಕು.

ಮಾನಹಾನಿ ಅಂದರೆ ಒಬ್ಬರ ಹೆಸರಿಗೆ ಮಸಿ ಬಳಿಯುವಂಥ ಆರೋಪವನ್ನು ಮೂರನೆಯವರಿಗೆ ತಲುಪಿಸುವುದು. ನಮ್ಮಲ್ಲಿ ಇದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಸಿವಿಲ್ ದಾವೆ, ಅಲ್ಲಿ ಪರಿಹಾರದ ದುಡ್ಡು ಕೇಳುತ್ತಾರೆ. ಅದನ್ನು ಪ್ರಕಟವಾದ ಒಂದು ವರ್ಷದೊಳಗೆ ಹೂಡಬೇಕು. ಇನ್ನೊಂದು ಕ್ರಿಮಿನಲ್, ಎರಡು ವರ್ಷದವರೆಗೆ ಸಾದಾ ಜೈಲು, ದಂಡ, ಎರಡೂ, ಅಥವಾ ಸಮುದಾಯ ಸೇವೆ. ಇದಕ್ಕೆ ದೂರು ಕೊಡಲು ಮೂರು ವರ್ಷ ಸಮಯವಿದೆ. ಕ್ರಿಮಿನಲ್ ಮಾನಹಾನಿ ಸಂವಿಧಾನಬದ್ಧ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನಗೆ ಆ ತೀರ್ಪು ಒಪ್ಪಿಗೆಯಿಲ್ಲ. ಆದರೆ ಕಾನೂನು ಇರುವುದು ಹೀಗೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಊರಿನ ಸಿಸಿ ರಸ್ತೆ ಕಾಗದದಲ್ಲಿದೆ, ನೆಲದ ಮೇಲಿಲ್ಲ. ನೀವು ಹೀಗೆ ಬರೆಯುತ್ತೀರಿ: ‘ಪಿಡಿಒ ಮತ್ತು ಗುತ್ತಿಗೆದಾರ ಸೇರಿ ದುಡ್ಡು ನುಂಗಿದ್ದಾರೆ.’ ಕೋಪದಲ್ಲಿ ಬರುವ ಸಾಲು ಇದೇ. ಆದರೆ ಇದನ್ನು ಸಾಬೀತು ಮಾಡಬೇಕಾದರೆ ದುಡ್ಡು ಯಾರ ಜೇಬಿಗೆ ಹೋಯಿತು ಅಂತ ತೋರಿಸಬೇಕು. ನಿಮಗೆ ಅದು ಗೊತ್ತಿಲ್ಲ. ಈಗ ಹೀಗೆ ಬರೆದು ನೋಡಿ: ‘ಮಾಹಿತಿ ಹಕ್ಕಿನಲ್ಲಿ ಪಡೆದ ದಾಖಲೆ ಪ್ರಕಾರ ಈ ರಸ್ತೆ ಮುಗಿದಿದೆ, ಬಿಲ್ ಪಾವತಿಯಾಗಿದೆ. ಮಾರ್ಚ್ 3ರಂದು ನಾನು ಹೋದಾಗ ಅಲ್ಲಿ ಮಣ್ಣಿನ ದಾರಿ ಇತ್ತು. ಫೋಟೊ ಇಲ್ಲಿದೆ. ಪಿಡಿಒ ಅವರನ್ನು ಕೇಳಿದೆ, ಉತ್ತರ ಬಂದಿಲ್ಲ. ನನ್ನ ಪ್ರಕಾರ ಇದು ನಾಚಿಕೆಗೇಡು.’ ಮೊದಲಿನ ನಾಲ್ಕು ವಾಕ್ಯ ಮಾಹಿತಿ, ಒಂದೊಂದಕ್ಕೂ ಆಧಾರವಿದೆ. ಕೊನೆಯದು ಅಭಿಪ್ರಾಯ, ಅದು ನಿಮ್ಮ ಹಕ್ಕು. ಓದಿದವರಿಗೆ ಯಾವುದರಲ್ಲಿ ಜಾಸ್ತಿ ಸಿಟ್ಟು ಬರುತ್ತದೆ? ಎರಡನೆಯದರಲ್ಲೇ ಅಲ್ವಾ?

‘ನಿಜ ಬರೆದರೆ ಏನೂ ಆಗಲ್ಲ’ ಅನ್ನುವುದು ಅರ್ಧ ಸತ್ಯ. 356ನೇ ಸೆಕ್ಷನ್ನಿನ ಮೊದಲ ವಿನಾಯಿತಿ ಏನು ಹೇಳುತ್ತದೆ ಅಂದರೆ, ಮಾತು ನಿಜವೂ ಆಗಿರಬೇಕು, ಅದನ್ನು ಹೇಳುವುದು ಸಾರ್ವಜನಿಕರ ಹಿತಕ್ಕೆ ಬೇಕಾದದ್ದೂ ಆಗಿರಬೇಕು. ಪಿಡಿಒ ಬಿಲ್ ಪಾಸ್ ಮಾಡಿದ್ದು ಊರಿಗೆ ಬೇಕಾದ ವಿಷಯ. ಅವರ ಮನೆಯ ಗಂಡ ಹೆಂಡಿರ ಜಗಳ ನಿಜವೇ ಇರಬಹುದು, ಊರಿಗೆ ಬೇಕಾಗಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಕೆಲವು ಹುಸಿ ಗುರಾಣಿಗಳಿವೆ. ಅವುಗಳ ಹಿಂದೆ ಅಡಗಬೇಡಿ.

‘ಎನ್ನಲಾಗಿದೆ’, ‘ಎಂದು ಕೇಳಿಬಂದಿದೆ’, ‘ಬಲ್ಲ ಮೂಲಗಳ ಪ್ರಕಾರ’. ಪತ್ರಿಕೆ ಓದಿ ಓದಿ ನಮಗೆ ಈ ಬಾಲ ಅಭ್ಯಾಸವಾಗಿದೆ. ಬೇರೆಯವರು ಹೇಳಿದ ಆರೋಪವನ್ನು ನೀವು ಹರಡಿದರೂ ಅದು ನಿಮ್ಮ ಪ್ರಕಟಣೆಯೇ. ಪ್ರಶ್ನಾರ್ಥಕ ಚಿಹ್ನೆಯೂ ಅಷ್ಟೇ. ‘ಶಾಸಕರು ಲಂಚ ತಿಂದರಾ?’ ಅಂತ ತಲೆಬರಹ ಹಾಕಿದರೆ ಓದುಗ ಏನು ತಿಳಿದುಕೊಳ್ಳುತ್ತಾನೆ ಅನ್ನುವುದನ್ನೇ ಕೋರ್ಟ್ ನೋಡುತ್ತದೆ. ವ್ಯಂಗ್ಯದಲ್ಲಿ ಹೇಳಿದರೂ ಮಾನಹಾನಿ ಆಗಬಹುದು ಅಂತ ಆ ಸೆಕ್ಷನ್ನಿನ ವಿವರಣೆಯಲ್ಲೇ ಬರೆದಿದೆ.

ಹೆಸರು ಹೇಳದೆ ಬರೆಯುವುದು. ‘ನಮ್ಮ ಬಡಾವಣೆಯ ಮೂರನೇ ಕ್ರಾಸಿನ ಡಾಕ್ಟರು’ ಅಂದರೆ ಬಡಾವಣೆಗೆಲ್ಲ ಗೊತ್ತಾಗುತ್ತದೆ. ಗುರುತು ಸಿಕ್ಕರೆ ಸಾಕು, ಹೆಸರು ಬೇಕಿಲ್ಲ.

‘ಪಾತ್ರಗಳು ಕಾಲ್ಪನಿಕ’ ಅನ್ನುವ ಸಾಲು. ಕಾದಂಬರಿ ಅಂದ ಕೂಡಲೇ ಕಾನೂನು ದೂರ ನಿಲ್ಲುವುದಿಲ್ಲ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು 1997ರಲ್ಲಿ ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತು ಇತರರು ಅದನ್ನು ಸುಪ್ರೀಂ ಕೋರ್ಟಿನವರೆಗೆ ಪ್ರಶ್ನಿಸಿದರು. 2007ರಲ್ಲಿ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಇದು ಮಾನಹಾನಿ ಕೇಸಲ್ಲ, ದ್ವೇಷದ ಸೆಕ್ಷನ್ ಅಡಿ ಬಂದದ್ದು. ಆದರೂ ಇತಿಹಾಸದ ವ್ಯಕ್ತಿಗಳ ಬಗ್ಗೆ ಕಥೆ ಬರೆಯುವ ಕನ್ನಡಿಗರು ಇದನ್ನು ನೆನಪಿಡಬೇಕು.

ರೀಪೋಸ್ಟ್, ಫಾರ್ವರ್ಡ್. ‘ನಾನು ಬರೆದದ್ದಲ್ಲ, ಹಂಚಿಕೊಂಡೆ ಅಷ್ಟೇ’ ಅನ್ನುವ ಮಾತು ನಡೆಯುವುದಿಲ್ಲ. ಮಾನಹಾನಿಯ ಪೋಸ್ಟನ್ನು ರೀಟ್ವೀಟ್ ಮಾಡಿದರೂ ಮಾನಹಾನಿ ಅಂತ ದೆಹಲಿ ಹೈಕೋರ್ಟ್ 2024ರಲ್ಲಿ ಹೇಳಿದೆ.

ನಿಮ್ಮ ಪರವಾಗಿರುವ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಸುಪ್ರೀಂ ಕೋರ್ಟಿನ 1994ರ ಆರ್. ರಾಜಗೋಪಾಲ್ ತೀರ್ಪಿನ ಪ್ರಕಾರ ಸರ್ಕಾರ, ಪಂಚಾಯಿತಿಯಂಥ ಸಂಸ್ಥೆಗಳು ತಮ್ಮ ಮಾನ ಹೋಯಿತು ಅಂತ ಪರಿಹಾರದ ದಾವೆ ಹೂಡುವ ಹಾಗಿಲ್ಲ. ಅಧಿಕಾರಿಗಳು ತಮ್ಮ ಕೆಲಸದ ಬಗ್ಗೆ ಬರೆದದ್ದಕ್ಕೆ ಪರಿಹಾರ ಕೇಳಬೇಕಾದರೆ, ನೀವು ಸತ್ಯದ ಗೊಡವೆಯೇ ಇಲ್ಲದೆ ಸುಳ್ಳು ಬರೆದಿರಿ ಅಂತ ತೋರಿಸಬೇಕು. ಹಾಗಾಗಿ ಆಧಾರ ಕಡಿಮೆ ಇರುವ ಕಡೆ ‘ಪಂಚಾಯಿತಿ’ ಅಂತ ಬರೆಯಿರಿ. ವ್ಯಕ್ತಿಯ ಹೆಸರನ್ನು ಆಧಾರ ಗಟ್ಟಿಯಿದ್ದಾಗ ತನ್ನಿ.

ಹಂತ 3: ಪ್ರಕಟಿಸುವ ಮೊದಲೇ ಕಾಗದ ಕೂಡಿಡಿ

ಗೌರಿ ಲಂಕೇಶ್ ತಮ್ಮ ಪತ್ರಿಕೆಯಲ್ಲಿ 2008ರಲ್ಲಿ ಪ್ರಕಟಿಸಿದ ಒಂದು ವರದಿಗೆ 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿ ಕೋರ್ಟ್ ಮಾನಹಾನಿ ಕೇಸಿನಲ್ಲಿ ಆರು ತಿಂಗಳ ಶಿಕ್ಷೆ ವಿಧಿಸಿತು. ಜಾಮೀನು ಸಿಕ್ಕಿತು. ಅದು ಆಮೇಲಿನ ಮಾತು. ಗಮನಿಸಬೇಕಾದ್ದು ಎರಡು. ಬರೆದ ಎಂಟು ವರ್ಷದ ಮೇಲೂ ಅದಕ್ಕೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ಪತ್ರಿಕೆ ಬೆಂಗಳೂರಿನದು, ಕೇಸ್ ನಡೆದದ್ದು ಹುಬ್ಬಳ್ಳಿಯಲ್ಲಿ. ಆನ್‌ಲೈನ್ ಬರಹವನ್ನು ಎಲ್ಲ ಊರಿನಲ್ಲೂ ಓದುತ್ತಾರೆ, ಯೋಚಿಸಿ.

ಒಂದು ಲೇಖನಕ್ಕೆ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಇವಿಷ್ಟು ಇರಲಿ: ಮಾಹಿತಿ ಹಕ್ಕಿನ ಅರ್ಜಿ ಮತ್ತು ಉತ್ತರ, ಸಾಧ್ಯವಾದರೆ ದೃಢೀಕೃತ ನಕಲು, ನೀವೇ ತೆಗೆದ ಮೂಲ ಫೋಟೊ, ಯಾರ ಜೊತೆ ಯಾವ ದಿನ ಮಾತಾಡಿದಿರಿ ಅನ್ನುವ ಟಿಪ್ಪಣಿ, ಎದುರು ಪಕ್ಷದವರಿಗೆ ಕೇಳಿದ ಪ್ರಶ್ನೆಯ ಇಮೇಲ್. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಯಾರ ಬಗ್ಗೆ ಬರೆಯುತ್ತೀರೋ ಅವರನ್ನು ಒಂದು ಮಾತು ಕೇಳಿ, ಎರಡು ಮೂರು ದಿನ ಕೊಡಿ. ಉತ್ತರ ಬಂದರೆ ಲೇಖನದಲ್ಲಿ ಹಾಕಿ. ಬರದಿದ್ದರೆ ಬರಲಿಲ್ಲ ಅಂತ ಹಾಕಿ. ಒಳ್ಳೆಯ ನಂಬಿಕೆಯಿಂದ ಬರೆದಿದ್ದೀರಿ ಅನ್ನುವುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ.

ಸ್ಕ್ರೀನ್‌ಶಾಟ್ ಬಗ್ಗೆ ಎಚ್ಚರ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಸ್ಕ್ರೀನ್‌ಶಾಟ್ ಕೋರ್ಟಿನಲ್ಲಿ ಹಾಗೇ ನಡೆಯುವುದಿಲ್ಲ. ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ ನಂಬರು ಹಿಡಿದು ಹಳಬರು ಇದನ್ನು ಇನ್ನೂ ‘65ಬಿ’ ಅಂತಲೇ ಕರೆಯುತ್ತಾರೆ. ಹಾಗಾಗಿ ಮೂಲ ಫೈಲು, ಮೂಲ ಫೋನು ಎರಡನ್ನೂ ಕಾಪಾಡಿ. ಹೊಸ ಫೋನು ತಗೊಂಡ ಖುಷಿಯಲ್ಲಿ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ.

ಹಂತ 4: ಈ ಜಾಗಗಳಲ್ಲಿ ಒಂದು ಕ್ಷಣ ನಿಲ್ಲಿ

ಜಾತಿ. ನಮ್ಮ ಹಳೆಯ ಗಾದೆಗಳಲ್ಲಿ ಜಾತಿಯ ಹೆಸರು ಹಿಡಿದು ಹೀಯಾಳಿಸುವುದು ಬೇಕಾದಷ್ಟಿದೆ. ಬಾಯಿಗೆ ಬಂದುಬಿಡುತ್ತದೆ. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಫೇಸ್‌ಬುಕ್ ಲೈವ್‌ನಲ್ಲಿ ಅಂಥ ಒಂದು ಗಾದೆ ಬಳಸಿದರು. ವಿಡಿಯೊ ತೆಗೆದರು, ಕ್ಷಮೆ ಕೇಳಿದರು. ಆದರೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ಆಯಿತು, ಹೈಕೋರ್ಟ್ ತಡೆ ಕೊಟ್ಟಿತು. ಜನ ‘ಅಟ್ರಾಸಿಟಿ ಕೇಸ್’ ಅನ್ನುವುದು ಇದಕ್ಕೇ. ಇದರಲ್ಲಿ ನಿರೀಕ್ಷಣಾ ಜಾಮೀನು ಸಾಮಾನ್ಯವಾಗಿ ಸಿಗುವುದಿಲ್ಲ. ಇದನ್ನು ಬರೀ ಕಾನೂನಿನ ಭಯ ಅಂತ ನಾನು ನೋಡುವುದಿಲ್ಲ. ಆ ಗಾದೆಗಳಿಲ್ಲದೆಯೂ ಕನ್ನಡ ಬರೆಯಬಹುದು.

ಧರ್ಮ. 299ನೇ ಸೆಕ್ಷನ್ನಿಗೆ ‘ಬೇಕಂತಲೇ, ದುರುದ್ದೇಶದಿಂದ’ ಅನ್ನುವುದು ಸಾಬೀತಾಗಬೇಕು. 196 ಮತ್ತು 299ರಲ್ಲಿ ಸರ್ಕಾರದ ಅನುಮತಿ ಇಲ್ಲದೆ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ. ಕೇಸ್ ನಿಲ್ಲುವುದು ಕಷ್ಟ ಅನ್ನುವುದು ಇದಕ್ಕೇ. ಆದರೆ ಎಫ್‌ಐಆರ್ ಹಾಕಲು, ಬಂಧಿಸಲು ಆ ಅನುಮತಿ ಬೇಕಿಲ್ಲ. ಕೇಸ್ ಬೀಳುವುದು ಸುಲಭ ಅನ್ನುವುದೂ ಇದಕ್ಕೇ. ಆಚರಣೆಯನ್ನು, ಮಠವನ್ನು, ಪೂಜಾರಿಯ ಲೆಕ್ಕಪತ್ರವನ್ನು ಟೀಕಿಸಿ. ಒಂದು ಸಮುದಾಯದ ಜನರೆಲ್ಲ ಹೀಗೇ ಅಂತ ಬರೆಯಬೇಡಿ. ನಮ್ಮ ರಾಜ್ಯದಲ್ಲಿ ಬರೆಯುವವರು ಇನ್ನೊಂದು ವಿಷಯದ ಮೇಲೂ ಕಣ್ಣಿಡಬೇಕು. ದ್ವೇಷ ಭಾಷಣ ತಡೆಗೆ ಪ್ರತ್ಯೇಕ ಮಸೂದೆಯೊಂದು 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾಗಿದೆ.

ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತು. ಇಲ್ಲಿ ವಾದಕ್ಕೇ ಜಾಗವಿಲ್ಲ, ಬರೆಯಲೇಬೇಡಿ. ಬಿಎನ್‌ಎಸ್ 72ರಲ್ಲಿ ಎರಡು ವರ್ಷದವರೆಗೆ ಜೈಲು. ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಬೇರೆ. ಹೆಸರು ಬಿಟ್ಟು ಹಳ್ಳಿ, ಶಾಲೆ, ಅಪ್ಪನ ಕೆಲಸ ಬರೆದರೂ ಗುರುತು ಹೇಳಿದ ಹಾಗೇ. ಸತ್ತವರ ಹೆಸರನ್ನೂ ಹಾಕಬಾರದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನ್ಯಾಯ ಸಿಗಲಿ ಅಂತ ಒಳ್ಳೆಯ ಮನಸ್ಸಿನಿಂದ ಫೋಟೊ ಹಾಕುವವರೇ ಇದರಲ್ಲಿ ಸಿಕ್ಕಿಬೀಳುತ್ತಾರೆ.

ಕೋರ್ಟು. ತೀರ್ಪು ತಪ್ಪು, ಕೆಟ್ಟದ್ದು, ಕಾನೂನಿಗೆ ವಿರುದ್ಧ ಅಂತ ಬರೆಯಬಹುದು. ಮುಗಿದ ಕೇಸಿನ ನ್ಯಾಯವಾದ ವಿಮರ್ಶೆ ನಿಂದನೆಯಲ್ಲ ಅಂತ 1971ರ ನ್ಯಾಯಾಂಗ ನಿಂದನೆ ಕಾಯ್ದೆಯೇ ಹೇಳುತ್ತದೆ. ನ್ಯಾಯಾಧೀಶರು ದುಡ್ಡಿಗೆ ಮಾರಿಕೊಂಡರು ಅಂತ ಬರೆದರೆ ಕಥೆ ಬೇರೆ. 2020ರಲ್ಲಿ ವಕೀಲ ಪ್ರಶಾಂತ್ ಭೂಷಣ್ ಅವರ ಎರಡು ಟ್ವೀಟ್‌ಗೆ ಸುಪ್ರೀಂ ಕೋರ್ಟ್ ವಿಧಿಸಿದ ದಂಡ ಒಂದು ರೂಪಾಯಿ. ನಮಗೂ ಅಷ್ಟರಲ್ಲೇ ಮುಗಿಯುತ್ತದೆ ಅಂದುಕೊಳ್ಳಬೇಡಿ. ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ.

ನಕ್ಷೆ. ಇದು ಯಾರಿಗೂ ಹೊಳೆಯುವುದಿಲ್ಲ. ಗೂಗಲ್‌ನಲ್ಲಿ ಸಿಕ್ಕ ಭಾರತದ ನಕ್ಷೆ ಹಾಕುತ್ತೀರಿ, ಅದರಲ್ಲಿ ಕಾಶ್ಮೀರದ ತುದಿ ಕತ್ತರಿಸಿರುತ್ತದೆ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ ಆರು ತಿಂಗಳವರೆಗೆ ಶಿಕ್ಷೆ ಇದೆ. ಅವರ ಸೈಟಿನಲ್ಲೇ ನಕ್ಷೆ ಸಿಗುತ್ತದೆ, ಅದನ್ನು ಬಳಸಿ.

ಹಂತ 5: ಬೇರೆಯವರ ಬರಹ, ಫೋಟೊ ತೆಗೆದುಕೊಳ್ಳುವಾಗ

‘ಚಿತ್ರಕೃಪೆ: ಅಂತರ್ಜಾಲ’. ಈ ಸಾಲಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ. ಅಂತರ್ಜಾಲ ಫೋಟೊ ತೆಗೆಯುವುದಿಲ್ಲ, ಮನುಷ್ಯರು ತೆಗೆಯುತ್ತಾರೆ. ನಾನೂ ಒಂದು ಮಿಂಚುಳ್ಳಿ ಫೋಟೊ ಕೆಳಗೆ ಹೀಗೇ ಹಾಕಿದ್ದೆ. ಅದನ್ನು ತೆಗೆದವರೇ ಇಮೇಲ್ ಮಾಡಿದರು. ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಈಗ ವಿಕಿಮೀಡಿಯಾ ಕಾಮನ್ಸ್‌ನಿಂದ ತೆಗೆದುಕೊಳ್ಳುತ್ತೇನೆ. ಅಲ್ಲೂ ತೆಗೆದವರ ಹೆಸರು, ಲೈಸೆನ್ಸ್ ಹೆಸರು ಹಾಕಲೇಬೇಕು.

ವಿಮರ್ಶೆಗೆ, ಟೀಕೆಗೆ, ವರದಿಗೆ ಬೇಕಾದಷ್ಟು ಭಾಗ ಉಲ್ಲೇಖಿಸಲು ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಬಿಡುತ್ತದೆ. ‘ಹತ್ತು ಪರ್ಸೆಂಟ್ ತಗೋಬಹುದು’, ‘ಮೂವತ್ತು ಸೆಕೆಂಡ್ ಹಾಡು ಓಕೆ’ ಅನ್ನುವ ಲೆಕ್ಕ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಪೂರ್ತಿ ಕವನ ಹಾಕಿ ಕೆಳಗೆ ‘ಎಷ್ಟು ಚೆಂದ ಅಲ್ವಾ’ ಅಂತ ಬರೆದರೆ ಅದು ವಿಮರ್ಶೆ ಆಗುವುದಿಲ್ಲ.

ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರು ಇರುವಾಗ ಪ್ರಕಟವಾದ ಕೃತಿಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ವಚನಗಳಿಗೆ ಈ ತೊಂದರೆ ಇಲ್ಲ, ಬೇಕಾದಷ್ಟು ಹಾಕಿ. ಆದರೆ ಈಚಿನ ಸಂಪಾದಕರು ಬರೆದ ಟಿಪ್ಪಣಿ, ಅರ್ಥವಿವರಣೆ ಅವರದು.

ಹಂತ 6: ತಪ್ಪಾದರೆ ತಿದ್ದಿ, ಕಾಣುವ ಹಾಗೆ ತಿದ್ದಿ

ಸದ್ದಿಲ್ಲದೆ ಸಾಲು ಅಳಿಸಬೇಡಿ. ‘ಮೊದಲು ಹೀಗಿತ್ತು, ಇಂಥ ದಿನ ತಿದ್ದಿದ್ದೇವೆ’ ಅಂತ ಲೇಖನದ ಮೇಲೆಯೇ ಹಾಕಿ. ಎಷ್ಟೋ ಜಗಳ ಇಲ್ಲಿಗೇ ಮುಗಿಯುತ್ತದೆ.

ಹಂತ 7: ಕಾಗದ ಬಂದಾಗ

ಬಂದದ್ದು ಏನು ಅಂತ ಮೊದಲು ನೋಡಿ. ಎಲ್ಲ ಕಾಗದವೂ ಒಂದೇ ಅಲ್ಲ.

ಪೋಸ್ಟ್ ಮಾಯವಾಗಿದೆ. ಕಂಪನಿಯವರು ತಮ್ಮ ನಿಯಮದ ಪ್ರಕಾರ ತೆಗೆದಿದ್ದರೆ ಅವರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು ಸೈಟಿನಲ್ಲೇ ಇರಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು. ವಕೀಲರು ಬೇಕಿಲ್ಲ. ಸರ್ಕಾರದ ಆದೇಶದಿಂದ ಹೋಗಿದ್ದರೆ ದಾರಿ ಕಷ್ಟ. ಐಟಿ ಕಾಯ್ದೆಯ 69ಎ ಅಡಿ ತಡೆದರೆ ಆ ಆದೇಶವೇ ಗೋಪ್ಯ. ಇಂಥ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡ ಹಾಕಿ ವಜಾ ಮಾಡಿತು. ಎಕ್ಸ್ ಅಂತ ಹೆಸರು ಬದಲಿಸಿಕೊಂಡ ಅದೇ ಕಂಪನಿ ‘ಸಹಯೋಗ್’ ಪೋರ್ಟಲ್ ವಿರುದ್ಧ ತಂದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಬಿದ್ದುಹೋಯಿತು. ಸಹಯೋಗ್ ಅಂದರೆ ಯಾವ ಪೋಸ್ಟ್ ತೆಗೆಯಬೇಕು ಅಂತ ಅಧಿಕಾರಿಗಳು ಕಂಪನಿಗಳಿಗೆ ಹೇಳುವ ಪೋರ್ಟಲ್. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಾವು ಮಾಡಬಹುದಾದ್ದು ಒಂದು: ಪ್ರತಿ ಲೇಖನದ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳುವುದು.

ವಕೀಲರ ನೋಟಿಸ್. ಇದು ಕೋರ್ಟಿನ ಆದೇಶ ಅಲ್ಲ. ಹತ್ತು ಕೋಟಿ ಕೊಡಿ ಅಂತ ಬರೆದಿದ್ದರೂ ನಿದ್ದೆಗೆಡಬೇಡಿ. ಆದರೆ ಕಸದಬುಟ್ಟಿಗೂ ಹಾಕಬೇಡಿ. ಯಾವ ಸಾಲು ಸುಳ್ಳು ಅನ್ನುತ್ತಾರೆ ಅಂತ ನೋಡಿ. ನಿಜವಾಗಿಯೂ ತಪ್ಪಾಗಿದ್ದರೆ ತಿದ್ದಿ, ಕ್ಷಮೆ ಕೇಳಿ. ತಪ್ಪಿಲ್ಲದಿದ್ದರೆ ವಕೀಲರ ಮೂಲಕ ಚಿಕ್ಕದಾಗಿ ಉತ್ತರ ಕೊಡಿ. ನೋಟಿಸನ್ನು ಫೇಸ್‌ಬುಕ್‌ಗೆ ಹಾಕಿ ಕುಣಿಯುವುದು, ಅದರ ಕೆಳಗೆ ಗೆಳೆಯರ ಬೈಗುಳ ಸೇರಿಸುವುದು ಬೇಡ. ಅದೂ ಸಾಕ್ಷಿಯಾಗುತ್ತದೆ.

ಸಿವಿಲ್ ಸಮನ್ಸ್, ತಡೆಯಾಜ್ಞೆ. ಸಮನ್ಸ್ ಬಂದ ದಿನದಿಂದ 30 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಹೋಗುತ್ತದೆ. ಬೆಂಗಳೂರಿನ ಸಿವಿಲ್ ಕೋರ್ಟುಗಳಲ್ಲಿ ಎದುರಾಳಿಯನ್ನು ಕೇಳದೆಯೇ ಏಕಪಕ್ಷೀಯ ತಡೆ ತರುವುದು ರೂಢಿಯಾಗಿಬಿಟ್ಟಿದೆ. 2025ರ ಜುಲೈನಲ್ಲಿ ಒಂದೇ ಆದೇಶ 8,000ಕ್ಕೂ ಹೆಚ್ಚು ಲಿಂಕ್ ತೆಗೆಯಲು ಹೇಳಿತು. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಆ ಚಾನೆಲ್ ಮೇಲಿನ ತಡೆ ರದ್ದಾಯಿತು. ಬರಹಕ್ಕೆ ಇಂಥ ತಡೆಯನ್ನು ತೀರಾ ಅಪರೂಪಕ್ಕೆ ಮಾತ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಕೇಸಿನಲ್ಲಿ ಹೇಳಿದೆ. ತಡೆ ಇದ್ದರೆ ಮೊದಲು ಪಾಲಿಸಿ, ಆಮೇಲೆ ತೆರವಿಗೆ ಅರ್ಜಿ ಹಾಕಿ.

ಮಾನಹಾನಿಯ ಕ್ರಿಮಿನಲ್ ದೂರು. ಇದು ನೇರ ಮ್ಯಾಜಿಸ್ಟ್ರೇಟ್ ಮುಂದೆ ಹೋಗುವ ಖಾಸಗಿ ದೂರು. ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ಬಂಧಿಸುವ ಹಾಗಿಲ್ಲ. ಹೊಸ ಕಾನೂನಿನಲ್ಲಿ ಒಂದು ಒಳ್ಳೆಯ ಬದಲಾವಣೆ ಇದೆ. ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲೇ ನಿಮ್ಮ ಮಾತು ಕೇಳಬೇಕು ಅಂತ ಬಿಎನ್‌ಎಸ್‌ಎಸ್ 223 ಹೇಳುತ್ತದೆ. ಹಾಗಾಗಿ ಕೋರ್ಟಿನಿಂದ ನೋಟಿಸ್ ಬಂದರೆ ಅವತ್ತು ಹಂತ 3ರ ಫೋಲ್ಡರ್ ಹಿಡಿದು ಹೋಗಿ.

ಪೊಲೀಸರಿಂದ ಕರೆ. ಲಿಖಿತ ನೋಟಿಸ್ ಕೇಳಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಬಿಎನ್‌ಎಸ್‌ಎಸ್ 35(3) ಅಡಿ ನೋಟಿಸ್ ಕೊಟ್ಟು ಕರೆಯಬೇಕು. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್ ಬಂದ ಮೇಲೆ ತಪ್ಪದೆ ಹೋಗಿ. ಹೋದರೆ ಕಾರಣ ಬರೆಯದೆ ಬಂಧಿಸುವ ಹಾಗಿಲ್ಲ, ಹೋಗದಿದ್ದರೆ ನೀವೇ ಕಾರಣ ಕೊಟ್ಟ ಹಾಗಾಗುತ್ತದೆ. ಫೋನು ವಶಕ್ಕೆ ತೆಗೆದುಕೊಂಡರೆ ಮಹಜರಿನ, ಅಂದರೆ ವಶಪಡಿಸಿಕೊಂಡದ್ದನ್ನು ದಾಖಲಿಸಿದ ಕಾಗದದ, ಪ್ರತಿ ಕೇಳಿ ಪಡೆಯಿರಿ. ನೋಟಿಸ್ ಬಂದ ಮೇಲೆ ಪೋಸ್ಟನ್ನು, ಚಾಟನ್ನು ಅಳಿಸಬೇಡಿ. ಸಾಕ್ಷ್ಯ ನಾಶ ಅನ್ನಿಸಿಕೊಳ್ಳುತ್ತದೆ.

ನಿಮ್ಮ ವಕೀಲರಿಗೆ 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪ್‌ಗಢಿ ತೀರ್ಪನ್ನು ನೆನಪಿಸಿ. ಒಂದು ಕವಿತೆಯಿದ್ದ ವಿಡಿಯೊ ಹಂಚಿಕೊಂಡದ್ದಕ್ಕೆ ಈ ಸಂಸದರ ಮೇಲೆ ಗುಜರಾತಿನಲ್ಲಿ ಹಾಕಿದ್ದ ಎಫ್‌ಐಆರ್ ಅದು. ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಮಾತಿನ ಕೇಸುಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡುವುದು ಸರಿ ಎಂದಿತು. ಅದಕ್ಕೆ 14 ದಿನ ಸಮಯ. ಬರೆದದ್ದನ್ನು ಗಟ್ಟಿ ಮನಸ್ಸಿನ, ಧೈರ್ಯವಂತ ಮನುಷ್ಯನ ಕಣ್ಣಿನಿಂದ ಅಳೆಯಬೇಕು, ಎಲ್ಲದಕ್ಕೂ ಬೆಚ್ಚುವವರ ಕಣ್ಣಿನಿಂದ ಅಲ್ಲ ಎಂದಿತು. ಎಫ್‌ಐಆರ್ ರದ್ದಿಗೆ ನಮ್ಮಲ್ಲಿ ಬೆಂಗಳೂರಿನ ತನಕ ಬರಬೇಕಾಗಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಹೈಕೋರ್ಟ್ ಪೀಠಗಳಿವೆ.

ಇನ್ನೊಂದು ಬಗೆಯ ಕರೆ ಬರುತ್ತದೆ. ಯೂನಿಫಾರಂ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ‘ನಿಮ್ಮ ಪೋಸ್ಟ್ ಮೇಲೆ ಕೇಸಾಗಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ದುಡ್ಡು ಹಾಕಿ’ ಅನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಕಾಲ್ ಕಟ್ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ವಕೀಲರ ಫೀಸು ಕೊಡಲು ಆಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.

ಹೊರದೇಶದಲ್ಲಿ ಕೂತು ಬರೆಯುವವರಿಗೆ

ಗಲ್ಫ್‌ನಲ್ಲಿರುವ ಮಂಗಳೂರು, ಉಡುಪಿ ಕಡೆಯವರು ಇದನ್ನು ಎರಡು ಸಲ ಓದಿ. ನೀವು ಊರಿನ ರಾಜಕೀಯದ ಬಗ್ಗೆ ಬರೆಯುತ್ತಿರಬಹುದು, ಕನ್ನಡದಲ್ಲೋ ತುಳುವಿನಲ್ಲೋ ಬರೆಯುತ್ತಿರಬಹುದು. ಯುಎಇಯಲ್ಲಿ ಕೂತು ಬರೆದರೆ ಅಲ್ಲಿನ ಸೈಬರ್ ಕಾನೂನೂ ಅನ್ವಯಿಸುತ್ತದೆ. ಅಲ್ಲಿ ಆನ್‌ಲೈನ್ ಬೈಗುಳವೇ ಅಪರಾಧ, ಧರ್ಮದ ಬಗ್ಗೆಯಂತೂ ಇನ್ನೂ ಕಠಿಣ. 2020ರಲ್ಲಿ ಅಂಥ ಪೋಸ್ಟ್‌ಗಳಿಗಾಗಿ ಹಲವು ಭಾರತೀಯರು ಅಲ್ಲಿ ಕೆಲಸ ಕಳೆದುಕೊಂಡರು.

ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್ ಇಟ್ಟುಕೊಂಡವರಿಗೆ ಬೇರೆ ತೊಡಕು. 19ನೇ ವಿಧಿ ಭಾರತದ ನಾಗರಿಕರಿಗೆ ಮಾತ್ರ. ಊರಿಗೆ ಬಂದು ಇಲ್ಲಿಂದ ವರದಿಗಾರಿಕೆ ಮಾಡಬೇಕೆಂದರೆ 2021ರ ಮಾರ್ಚ್‌ನ ಅಧಿಸೂಚನೆ ಪ್ರಕಾರ ಒಸಿಐ ಇದ್ದವರು ಮೊದಲೇ ವಿಶೇಷ ಅನುಮತಿ ಪಡೆಯಬೇಕು. ವಿಮಾನದ ಟಿಕೆಟ್ ಬುಕ್ ಮಾಡುವ ಮೊದಲು ಆ ಅರ್ಜಿ ಹಾಕಿ.